ಹಳೆಯ ಎಂಜಿಬಿ ಕೊಂಡಾಯಿತು, ಒಳಗಿರುವ ಎಂಜಿನ್ ಯಾವುದು?

ಇಂಗ್ಲೆಂಡಿನಲ್ಲಿ ಹಳೆಯ ಎಂಜಿಬಿ, ಅಂದರೆ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು, ಕೊಳ್ಳಲು ಒಂದು ಮಧ್ಯಾಹ್ನ ಸಾಕು. ಕೊಂಡದ್ದೇನು ಎಂದು ತಿಳಿಯಲು ಏಳು ವಾರ ಬೇಕಾಯಿತು. ಅದರಲ್ಲಿ ನಾಲ್ಕು ವಾರ ಅಂಚೆ ಕಾಯುವುದರಲ್ಲೇ ಹೋಯಿತು. ಮಿಕ್ಕ ಮೂರು ವಾರದಲ್ಲಿ ಮಾಡಿದ ಕೆಲಸವನ್ನು ಮೊದಲೇ ಗೊತ್ತಿದ್ದವರು ಎರಡು ಶನಿವಾರದಲ್ಲಿ ಮುಗಿಸಬಹುದು. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಎಂಜಿಯ ಅಬಿಂಗ್ಡನ್ ಕಾರ್ಖಾನೆ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳನ್ನು ಕಟ್ಟಿತು. ದೊಡ್ಡ ಪಾಲು ಅಮೆರಿಕಕ್ಕೆ ಹೋಯಿತು. ಅವುಗಳಲ್ಲಿ ಎಷ್ಟೋ ಕಾರುಗಳು, ಬಿಡಿ ಎಂಜಿನ್‌ಗಳು ಮತ್ತೆ ಹಡಗು ಹತ್ತಿ ಇಂಗ್ಲೆಂಡಿಗೆ ವಾಪಸು ಬಂದಿವೆ. ಹದಿನೆಂಟು ವರ್ಷವೂ ಮೂಲ ಎಂಜಿನ್ ಒಂದೇ, 1798 ಸಿಸಿಯ ಬಿ-ಸೀರೀಸ್. ಹಾಗಾಗಿ ಯಾರ ಎಂಜಿನ್ ಯಾರ ಕಾರಿಗೂ ಸ್ವಲ್ಪ ಒದ್ದಾಡಿದರೆ ಕೂರುತ್ತದೆ. ತಲೆನೋವು ಶುರುವಾಗುವುದು ಅಲ್ಲೇ. ಬ್ಲಾಕ್ (ಎಂಜಿನ್ನಿನ ಮೈ), ಹೆಡ್ (ಅದರ ಮೇಲಿನ ಮುಚ್ಚಳ), ಮ್ಯಾನಿಫೋಲ್ಡ್ (ಹೆಡ್‌ಗೆ ಕೂರುವ ಕವಲು ಕೊಳವೆ), ಸೈಲೆನ್ಸರ್ ನಾಲ್ಕೂ ನಾಲ್ಕು ಬೇರೆ ಕಾರುಗಳಿಂದ ಬಂದಿರಬಹುದು. ಒಂದನ್ನು ಗುರುತಿಸಿದ ಮಾತ್ರಕ್ಕೆ ಇನ್ನೊಂದು ಗುರುತಿಸಿದಂತಾಗಲಿಲ್ಲ.

ಈ ಕಾರು 1972ರ ತೆರೆದ ಟೂರರ್, ಕ್ರೋಮ್ ಬಂಪರ್. ಚಾಸಿ ಸಂಖ್ಯೆ ಜಿಎಚ್‌ಎನ್5 ಎಂದು ಶುರುವಾಗುತ್ತದೆ: ಜಿ ಅಂದರೆ ಎಂಜಿ, ಎಚ್ ಅಂದರೆ 1400ರಿಂದ 1999 ಸಿಸಿ ವರ್ಗ, ಎನ್ ಅಂದರೆ ಎರಡು ಸೀಟಿನ ಟೂರರ್. ಗಟ್ಟಿ ಮಾಡಿನ ಜಿಟಿ ಆಗಿದ್ದರೆ ಎನ್ ಜಾಗದಲ್ಲಿ ಡಿ ಇರುತ್ತಿತ್ತು. ನೋಂದಣಿ ಪುಸ್ತಕದಲ್ಲಿ, ಅಂದರೆ ವಿ5ಸಿಯಲ್ಲಿ, ಎಂಜಿನ್ ಸಂಖ್ಯೆ 18ವಿ 581 ಎಫ್ ಎಚ್ ಎಂದು ಆರಂಭವಾಗಿತ್ತು. 1972ರ ಬ್ರಿಟಿಷ್ ಕಾರಿಗೆ, ಓವರ್‌ಡ್ರೈವ್ (ವೇಗದ ಓಟಕ್ಕಿರುವ ಹೆಚ್ಚುವರಿ ಗೇರ್) ಇಲ್ಲದ್ದಕ್ಕೆ, ಇದೇ ಇರಬೇಕಾದ ಸಂಖ್ಯೆ. ಕೊನೆಯ ಎಚ್ ಹೈ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯನ್ನು ಹೆಚ್ಚು ಒತ್ತುವ ಬಗೆ. ಮಾರಿದವರು ಹೇಳಿದ್ದು ಎರಡೇ ಮಾತು: ಎಂಜಿನ್ ಒರಿಜಿನಲ್, ಎಕ್ಸಾಸ್ಟ್ ಪೂರ್ತಿ ಸ್ಟೇನ್‌ಲೆಸ್.

ಎರಡೂ ನಿಜವಲ್ಲ. ಅವರು ಸುಳ್ಳು ಹೇಳಿದರೆನ್ನಲಾರೆ. ಅವರಿಗೆ ಮಾರಿದವರು ಹೇಳಿದ್ದನ್ನು ಹಾಗೇ ದಾಟಿಸಿದ್ದರು.

ಮೊದಲ ಕೆಲಸ ಎಂಜಿನ್ ಸಂಖ್ಯೆ ಒತ್ತಿದ ತಗಡಿನ ಪಟ್ಟಿ ಹುಡುಕುವುದು. ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡುವಾಗ ಯಾವುದು ಬಲವೋ ಅದೇ ಎಂಜಿನ್ನಿನ ಬಲ. ಡಿಸ್ಟ್ರಿಬ್ಯೂಟರ್, ಪ್ಲಗ್, ಆಯಿಲ್ ಫಿಲ್ಟರ್, ಆಲ್ಟರ್ನೇಟರ್ ಎಲ್ಲ ಬಲಕ್ಕೆ. ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಎಡಕ್ಕೆ. ಅಂಬಾಸಿಡರ್ ಬಾನೆಟ್ ಎತ್ತಿ ಅಭ್ಯಾಸವಿರುವವರಿಗೆ ಈ ಜೋಡಣೆ ಕಂಡ ಮುಖವೇ, ಏಕೆಂದರೆ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ಬಿ-ಸೀರೀಸ್ ಮನೆತನದ್ದು. ಪಟ್ಟಿ ಇರುವುದು ಬಲಬದಿಯ ಬ್ಲಾಕ್ ಮೇಲೆ, ಪ್ಲಗ್ ಸಾಲಿನ ಕೆಳಗೆ, ಆಲ್ಟರ್ನೇಟರ್ ಹತ್ತಿರ. ಬೆರಳುದ್ದದ ತೆಳು ತಗಡು.

ನಮ್ಮದರ ಮೇಲೆ ಐವತ್ತು ವರ್ಷದ ಎಣ್ಣೆ ಜಿಡ್ಡು, ಅದರ ಮೇಲೆ ಕಪ್ಪು ಪೇಂಟು. ಇಲ್ಲಿ ವೈರ್ ಬ್ರಷ್ ಹಾಕಬೇಡಿ. ತಗಡು ಮೆತ್ತಗಿರುತ್ತದೆ, ಒತ್ತಿದ ಅಕ್ಷರ ಆಳವಿರುವುದಿಲ್ಲ, ಎರಡು ಸಲ ಉಜ್ಜಿದರೆ 3 ಮತ್ತು 8 ಒಂದೇ ಆಗುತ್ತವೆ. ಬ್ರೇಕ್ ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬೇಕು. ಮೂರು ಸಲ ಮಾಡಿದ ಮೇಲೂ ಅರ್ಧ ಅಕ್ಷರ ಮಸುಕಾಗಿಯೇ ಇತ್ತು. ಆಗ ಕೈಹಿಡಿದದ್ದು ಬಾಲ್ಯದ ಉಪಾಯ: ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದೆವಲ್ಲ, ಅದೇ. ತೆಳು ಕಾಗದ, ಮೆತ್ತನೆಯ ಪೆನ್ಸಿಲ್, ಓರೆಯಾಗಿ ಹಗುರ ಕೈ. ಮೊದಲು 18ವಿ ಬಂತು. ಆಮೇಲೆ 7, 9, ಇನ್ನೊಂದು 7. ಕೊನೆಗೆ ಎಇ, ಎಲ್.

18ವಿ 797 ಎಇ ಎಲ್. ಇದು 1975ರ ಹೊತ್ತಿಗೆ ಅಮೆರಿಕದ ಮಾರುಕಟ್ಟೆಗೆ ಹೋದ, ರಬ್ಬರ್ ಬಂಪರ್ ಕಾರಿನ ಎಂಜಿನ್. ಎಲ್ ಅಂದರೆ ಲೋ ಕಂಪ್ರೆಷನ್.

ಪಟ್ಟಿ ಓದಿದೊಡನೆ ತೀರ್ಮಾನಕ್ಕೆ ಹಾರುವುದೂ ತಪ್ಪು. ತಗಡನ್ನು ಎರಡು ರಿವೆಟ್ ಹಿಡಿದಿರುತ್ತವೆ. ಕಾರ್ಖಾನೆಯವು ಸುತ್ತಿಗೆಯಿಂದ ಹೊಡೆದು ಕೂರಿಸಿದ ಗಟ್ಟಿ ರಿವೆಟ್‌ಗಳು. ನಡುವೆ ತೂತಿರುವ ಪಾಪ್ ರಿವೆಟ್ ಕಂಡರೆ ಪಟ್ಟಿಯನ್ನು ಯಾರೋ ಕಿತ್ತು ಬೇರೆ ಬ್ಲಾಕಿಗೆ ಹಾಕಿರುವ ಸಾಧ್ಯತೆ ಇದೆ. ನಮ್ಮದರಲ್ಲಿ ಗಟ್ಟಿ ರಿವೆಟ್‌ಗಳೇ ಇದ್ದವು, ಪೇಂಟು ರಿವೆಟ್ ತಲೆಯ ಮೇಲೂ ಹರಿದಿತ್ತು. ಬ್ಲಾಕಿನ ಮೂಲೆಯಲ್ಲಿ ಚಾಕುವಿನ ತುದಿಯಿಂದ ಕೆರೆದು ನೋಡಿದರೆ ಕಪ್ಪಿನಡಿ ಕಬ್ಬಿಣವೇ ಸಿಕ್ಕಿತು. ಎಂಜಿಯ ಮಾತೃಸಂಸ್ಥೆ ಬಿಎಂಸಿಯ ಕಾಲದ ಹಳೆಯ ಎಂಜಿನ್ ಆಗಿದ್ದರೆ ಅಡಿಯಲ್ಲಿ ಕಂದುಗೆಂಪು ಸಿಗಬೇಕಿತ್ತು. ಚಿನ್ನದ ಬಣ್ಣ ಸಿಕ್ಕಿದರೆ ಅದು ಕಂಪನಿಯೇ ಮರುಕಟ್ಟಿ ಮಾರುತ್ತಿದ್ದ ಗೋಲ್ಡ್ ಸೀಲ್ ಎಂಜಿನ್. ಅದರ ಪಟ್ಟಿಯಲ್ಲಿ ಈ ಬಗೆಯ ಸಂಖ್ಯೆಯೇ ಇರುವುದಿಲ್ಲ, ಗಾಬರಿ ಬೇಡ.

ಬೇರೆ ಸಂಖ್ಯೆ ಸಿಕ್ಕವರಿಗೆ ಒಂದಿಷ್ಟು: 18ಜಿ ಮತ್ತು 18ಜಿಎ ಎಂದಿದ್ದರೆ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. 1964ರ ಅಕ್ಟೋಬರ್‌ನಲ್ಲಿ ಬಂದ 18ಜಿಬಿಯಿಂದ ಐದು. ಬೇರಿಂಗ್ ಸೆಟ್ ತರಿಸುವ ಮುಂಚೆ ಇದು ಗೊತ್ತಿರಲೇಬೇಕು. 18ಎಚ್ ಎಂದಿದ್ದರೆ ಅದು ಎಂಜಿಬಿಯದ್ದೇ ಅಲ್ಲ, ಅಡ್ಡಲಾಗಿ ಕೂರುವ ಆಸ್ಟಿನ್ 1800 ಬಳಗದ್ದು. ಪಟ್ಟಿಯೇ ಇಲ್ಲದಿದ್ದರೆ ಮುಂಭಾಗದ ಪುಲ್ಲಿ ನೋಡಿ. ಟೈಮಿಂಗ್ ಗುರುತುಗಳು ಪುಲ್ಲಿಯ ಕೆಳಗಿದ್ದರೆ ಹಳೆಯದು, ಮೇಲಿದ್ದರೆ 18ವಿ ಕಾಲದ್ದು. ಇದೂ ಪಕ್ಕಾ ಸಾಕ್ಷಿಯಲ್ಲ. ಮುಂದಿನ ಕವರ್ ಬದಲಾಗಿದ್ದರೆ ಗುರುತೂ ಅದರ ಜೊತೆ ಜಾಗ ಬದಲಿಸಿರುತ್ತದೆ. ಸ್ಟಾರ್ಟರ್ ಮೋಟರ್ ನೋಡಿ ವಯಸ್ಸು ಹೇಳುವವರೂ ಇದ್ದಾರೆ. ಬೆನ್ನ ಮೇಲೆ ಸೊಲೆನಾಯ್ಡ್ ಹೊತ್ತ ಸ್ಟಾರ್ಟರ್ ಬಂದದ್ದು 1967ರ ಕೊನೆಯಲ್ಲಿ ಬಂದ ಎಂಜಿಬಿಯ ಎರಡನೇ ಆವೃತ್ತಿ ಮಾರ್ಕ್ 2ರಿಂದ, ನಿಜ. ಆದರೆ ಅದು ಹಿಂಭಾಗದ ಪ್ಲೇಟು ಮತ್ತು ಗೇರ್‌ಬಾಕ್ಸ್ ಯಾವ ಕಾಲದವು ಎಂದು ಹೇಳುತ್ತದೆ, ಬ್ಲಾಕಿನ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನೊಂದು ಸಲಹೆ ತುಂಬಾ ಕೇಳಿಬರುತ್ತದೆ: ಪ್ಲಗ್ ತೂತಿನಲ್ಲಿ ಕಡ್ಡಿ ಇಳಿಸಿ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) ಅಳೆದು ಸಿಸಿ ಲೆಕ್ಕ ಹಾಕಿ ಎಂದು. ಇಲ್ಲಿ ಅದು ದಂಡ. ಪ್ಲಗ್ ತೂತು ಓರೆಯಾಗಿರುವುದರಿಂದ ಅಳತೆಯೇ ತಪ್ಪುತ್ತದೆ. ಸರಿಯಾಗಿ ಅಳೆದರೂ ಉಪಯೋಗವಿಲ್ಲ: ಎಂಜಿಬಿಗೆ ಮುಂಚಿನ ಎಂಜಿಎಯ 1489, 1588, 1622 ಸಿಸಿ ಎಂಜಿನ್‌ಗಳಿಗೂ ಎಂಜಿಬಿಯ 1798ಕ್ಕೂ ಸ್ಟ್ರೋಕ್ ಒಂದೇ, 88.9 ಮಿಲಿಮೀಟರ್. ವ್ಯತ್ಯಾಸ ಇರುವುದು ಬೋರ್‌ನಲ್ಲಿ, ಅಂದರೆ ಸಿಲಿಂಡರಿನ ವ್ಯಾಸದಲ್ಲಿ. 1489ಕ್ಕೆ 73 ಮಿಲಿಮೀಟರ್ ಚಿಲ್ಲರೆ, 1798ಕ್ಕೆ 80.26. ಅದನ್ನು ಅಳೆಯಲು ಹೆಡ್ ಬಿಚ್ಚಬೇಕು.

ಹೆಡ್ ಬಿಚ್ಚದೆ ಎಷ್ಟು ತಿಳಿಯಬಹುದೋ ಅಷ್ಟನ್ನು ತಿಳಿಯೋಣ ಎಂದು ಕಂಪ್ರೆಷನ್ ಗೇಜ್ ತಂದೆ, 25 ಪೌಂಡ್. ವಿಧಾನ ಗೊತ್ತಿರುವಂಥದ್ದೇ, ಆದರೂ ಒಂದೊಂದು ಹೆಜ್ಜೆಗೂ ಅರ್ಥವಿದೆ. ಎಂಜಿನ್ ಬಿಸಿ ಮಾಡಿ ನಿಲ್ಲಿಸಿ. ನಾಲ್ಕೂ ಪ್ಲಗ್ ತೆಗೆಯಿರಿ. ಕಾಯಿಲ್‌ಗೆ ಬರುವ ಬಿಳಿ ತಂತಿ ಕಳಚಿ. ಹಿಂದಿರುವ ಎಸ್‌ಯು ಪೆಟ್ರೋಲ್ ಪಂಪಿನ ತಂತಿಯನ್ನೂ ಕಳಚಿ, ಇಲ್ಲವಾದರೆ ಇಗ್ನಿಷನ್ ಹಾಕಿದೊಡನೆ ಅದು ಟಕಟಕ ಎನ್ನುತ್ತಾ ಪಂಪ್ ಮಾಡುತ್ತಿರುತ್ತದೆ, ಎದುರಿಗೆ ತೆರೆದ ಪ್ಲಗ್ ತೂತುಗಳಿರುತ್ತವೆ. ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿಯಲು ಒಬ್ಬರು ಬೇಕು. ಥ್ರಾಟಲ್ ಮುಚ್ಚಿದ್ದರೆ ಗಾಳಿ ಒಳಗೆ ಹೋಗದೆ ಒಳ್ಳೆಯ ಎಂಜಿನ್ನೂ ಸತ್ತಂತೆ ತೋರಿಸುತ್ತದೆ. ಪ್ರತಿ ಸಿಲಿಂಡರಿಗೂ ಐದಾರು ಬಡಿತ, ಅಷ್ಟೇ.

ಬಂದದ್ದು 126, 128, 125, 128 ಪಿಎಸ್‌ಐ.

ನೋಡಿದವರು ಮೊದಲು ಹೇಳಿದ್ದು ಎಂಜಿನ್ ಸವೆದಿದೆ, ರಿಂಗ್ ಹೋಗಿದೆ, ರೀಬಿಲ್ಡ್ ಗ್ಯಾರಂಟಿ ಎಂದು. 1972ರ ಹೈ ಕಂಪ್ರೆಷನ್ ಎಂಜಿನ್ ಎಂದು ನಂಬಿದರೆ ಆ ಮಾತು ಸರಿ, ಅದಕ್ಕೆ 160ರ ಸುಮಾರು ಬರಬೇಕು. ಆದರೆ ನಾಲ್ಕೂ ಸಿಲಿಂಡರ್ ಇಷ್ಟು ಸಮನಾಗಿ ಸವೆಯುವುದು ಅಪರೂಪ. ಪ್ರತಿ ತೂತಿಗೂ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದೆವು. ರಿಂಗ್ ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಮುಳ್ಳು ಜಿಗಿಯುತ್ತದೆ. ಇಲ್ಲಿ ಏರಿದ್ದು ಐದಾರು ಪಿಎಸ್‌ಐ ಮಾತ್ರ. ಅಂದರೆ ಎಂಜಿನ್ ಆರೋಗ್ಯವಾಗಿಯೇ ಇದೆ, ಹುಟ್ಟಿನಿಂದಲೇ ಕಡಿಮೆ ಕಂಪ್ರೆಷನ್. ಪಟ್ಟಿಯ ಎಲ್ ಹೇಳಿದ್ದನ್ನೇ ಗೇಜ್ ಹೇಳಿತು. ಪೆನ್ಸಿಲ್ ಅಚ್ಚು ತೆಗೆಯದಿದ್ದರೆ ಆ ವಾರವೇ ಯಾರೋ ಒಳ್ಳೆಯ ಎಂಜಿನ್ನನ್ನು ಬಿಚ್ಚಿ ಹಾಕುತ್ತಿದ್ದರು, ಮೂರು ಸಾವಿರ ಪೌಂಡ್ ಬಿಲ್ ಮಾಡುತ್ತಿದ್ದರು.

ಕಣ್ಣಾರೆ ನೋಡಲು ಫೋನಿಗೆ ಸಿಕ್ಕಿಸುವ 20 ಪೌಂಡಿನ ಎಂಡೋಸ್ಕೋಪ್ ಸಾಕು. ಪಿಸ್ಟನ್ ಅರ್ಧ ಕೆಳಗಿರುವಂತೆ ಪುಲ್ಲಿ ತಿರುಗಿಸಿ ಪ್ಲಗ್ ತೂತಿನಿಂದ ಇಳಿಬಿಟ್ಟೆವು. ಪರದೆಯ ಮೇಲೆ ಪಿಸ್ಟನ್ ತಲೆ ಬಂತು, ನಡುವೆ ಸಾರಿನ ಬಟ್ಟಲಿನಂತೆ ಆಳವಾದ ತಗ್ಗು. ಲೋ ಕಂಪ್ರೆಷನ್ ಪಿಸ್ಟನ್ ಅಂದರೆ ಇದೇ. ಮಸಿ ತುಸು ಒರೆಸಿದ ಜಾಗದಲ್ಲಿ, ಅಂಚಿನ ಹತ್ತಿರ, +020 ಎಂಬ ಅಚ್ಚು. ಅಂದರೆ ಹಿಂದೊಮ್ಮೆ ಬೋರ್ ಮಾಡಿ 20 ಥೌ (ಇಂಚಿನ ಸಾವಿರದ ಇಪ್ಪತ್ತು ಭಾಗ) ದೊಡ್ಡ ಪಿಸ್ಟನ್ ಹಾಕಿದ್ದಾರೆ. ರಿಂಗ್ ತರಿಸುವಾಗ ಬೇಕಾಗುವುದು ಈ ಸಂಖ್ಯೆ, ಕಾರಿನ ವರ್ಷವಲ್ಲ. ಒರೆಸಲು ಎಂಡೋಸ್ಕೋಪ್ ತುದಿಗೆ ಹತ್ತಿ ಕಟ್ಟುವ ಸಾಹಸ ಮಾಡಬೇಡಿ, ಒಳಗೆ ಬಿದ್ದರೆ ಹೆಡ್ ಬಿಚ್ಚುವುದೇ ಗತಿ. ಗಟ್ಟಿ ತಂತಿಗೆ ಬಟ್ಟೆ ಬಿಗಿದು ಹೊಲಿದು ಬಳಸಿ.

ಹೆಡ್ ಕೂಡ ಅಮೆರಿಕದ್ದೇ ಎಂದು ಹೇಳಿದ್ದು ಪ್ಲಗ್ ಸಾಲಿನ ಬದಿಯ ನಾಲ್ಕು ಬೋಲ್ಟುಗಳು. ಅಲ್ಲಿನ ಹೊಗೆ ನಿಯಮಕ್ಕಾಗಿ ಏರ್ ಪಂಪಿನಿಂದ ಗಾಳಿ ಊದುತ್ತಿದ್ದ ನಾಲ್ಕು ತೂತುಗಳಿರುತ್ತವೆ. ಪಂಪ್ ಕಿತ್ತ ಮೇಲೆ ಅವುಗಳಿಗೆ ಬೋಲ್ಟ್ ತಿರುಚಿ ಮುಚ್ಚುತ್ತಾರೆ. ಬ್ರಿಟಿಷ್ ಮಾರುಕಟ್ಟೆಯ ಕಾರಿನ ಹೆಡ್‌ನಲ್ಲಿ ಆ ಬೋಲ್ಟುಗಳಿಗೆ ಕೆಲಸವಿಲ್ಲ.

ಈ ನಡುವೆ ಒಂದು ದುಡ್ಡು ದಂಡವಾಯಿತು. 1972 ಎಂದು ಕ್ಯಾಟಲಾಗ್ ನೋಡಿ ಲ್ಯೂಕಸ್ 25ಡಿ4 ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸೆಟ್ ತರಿಸಿದೆ. ಮುಚ್ಚಳ ತೆಗೆದರೆ ಕೂತಿದ್ದು 45ಡಿ4. ಎರಡರ ಪಾಯಿಂಟ್‌ಗಳೂ ಬೇರೆ, ಕ್ಯಾಪ್‌ಗಳೂ ಬೇರೆ. ಲ್ಯೂಕಸ್ ತನ್ನ ವಸ್ತುಗಳ ಮೇಲೆ ವಾರ ಮತ್ತು ವರ್ಷ ಒತ್ತುತ್ತಿತ್ತು. 2477 ಎಂದಿದ್ದರೆ 1977ರ 24ನೇ ವಾರ. ನಮ್ಮದರ ಮೇಲೆ ಇದ್ದದ್ದು ಹೆಚ್ಚುಕಡಿಮೆ ಅದೇ ಕಾಲ. ಅಂದರೆ 1972ರ ಬಾಡಿಯಲ್ಲಿ 1975ರ ಎಂಜಿನ್, ಅದಕ್ಕೆ 1977ರ ಡಿಸ್ಟ್ರಿಬ್ಯೂಟರ್.

ಎಕ್ಸಾಸ್ಟ್ ಕಡೆಗೆ ಬಂದಾಗ ಎರಡನೇ ವಾರ. ಕಾರನ್ನು ನಾಲ್ಕು ಆಕ್ಸಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ.

ಮೇಲಿನಿಂದ ಶುರು ಮಾಡಬೇಕು. ಬಿ-ಸೀರೀಸ್ ಹೆಡ್‌ಗೆ ಎಕ್ಸಾಸ್ಟ್ ಬಾಯಿ ಮೂರೇ: 1 ಮತ್ತು 4ಕ್ಕೆ ಒಂದೊಂದು, ನಡುವಿನ 2 ಮತ್ತು 3ಕ್ಕೆ ಸೇರಿ ಒಂದು. ಅವುಗಳ ಮೇಲೆ ಬ್ರಿಟಿಷ್ ಕಾರುಗಳಲ್ಲಿ ಎರಕದ ಮ್ಯಾನಿಫೋಲ್ಡ್ ಇರುತ್ತದೆ, ಕೆಳಗೆ ಎರಡು ಬಾಯಿ. ಅಲ್ಲಿಂದ ಜೋಡಿ ಡೌನ್‌ಪೈಪ್ ಇಳಿದು ಒಂದಾಗುತ್ತದೆ. 1975ರಿಂದ ಅಮೆರಿಕದ ಕಾರುಗಳಿಗೆ ಒಂಟಿ ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್, ಇನ್‌ಲೆಟ್ ಎಕ್ಸಾಸ್ಟ್ ಎರಡೂ ಒಂದೇ ಎರಕವಾಗಿರುವ ಮ್ಯಾನಿಫೋಲ್ಡ್. ನಮ್ಮಲ್ಲಿದ್ದದ್ದು ಜೋಡಿ ಎಸ್‌ಯು ಕಾರ್ಬ್ಯುರೇಟರ್, ಪ್ರತ್ಯೇಕ ಇನ್‌ಲೆಟ್, ಜೋಡಿ ಬಾಯಿಯ ಎರಕ. ಅಂದರೆ ಎಂಜಿನ್ ಬದಲಿಸಿದವರು ಹಳೆಯ ಎಂಜಿನ್ನಿನ ಮ್ಯಾನಿಫೋಲ್ಡ್ ಮತ್ತು ಕಾರ್ಬ್ಯುರೇಟರ್‌ಗಳನ್ನು ಇದಕ್ಕೆ ದಾಟಿಸಿದ್ದಾರೆ. ಕೆಲಸ ಬುದ್ಧಿವಂತಿಕೆಯದ್ದೇ. ಕೈ ಕೊಟ್ಟದ್ದು ವಾಷರ್‌ಗಳ ವಿಷಯದಲ್ಲಿ.

ಈ ಹೆಡ್‌ನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಅಕ್ಕಪಕ್ಕ ಕೂರುತ್ತವೆ, ನಡುವಿನ ಸ್ಟಡ್‌ಗಳು ಇಬ್ಬರಿಗೂ ಸೇರಿದವು. ಒಂದು ದಪ್ಪ ವಾಷರ್ ಅರ್ಧ ಇನ್‌ಲೆಟ್ ಚಾಚಿನ ಮೇಲೆ, ಅರ್ಧ ಎಕ್ಸಾಸ್ಟ್ ಚಾಚಿನ ಮೇಲೆ ಕೂತು ಎರಡನ್ನೂ ಒತ್ತಬೇಕು. ಎರಡರ ದಪ್ಪ ಒಂದೇ ಇದ್ದರೆ ಸರಿ. ಇಲ್ಲದಿದ್ದರೆ ವಾಷರ್ ವಾಲುತ್ತದೆ, ದಪ್ಪಗಿರುವುದನ್ನು ಮಾತ್ರ ಹಿಡಿಯುತ್ತದೆ, ತೆಳುವಾದದ್ದು ಸಡಿಲವಾಗಿಯೇ ಉಳಿಯುತ್ತದೆ. ವರ್ನಿಯರ್ ಇಟ್ಟು ಅಳೆದಾಗ ಮೂರನೇ ಸ್ಟಡ್ ಬಳಿ 0.6 ಮಿಲಿಮೀಟರ್ ವ್ಯತ್ಯಾಸ. ಅಲ್ಲೇ ಗ್ಯಾಸ್ಕೆಟ್ ಅಂಚಿನಲ್ಲಿ ಕಾಡಿಗೆ ತೀಡಿದಂತೆ ಮಸಿಯ ಗೆರೆ. ತಣ್ಣಗಿದ್ದಾಗ ಚಟಚಟ ಎಂದು, ವಾಲ್ವ್ ತೆರೆಯುವ ಟ್ಯಾಪೆಟ್ ಥರ ಕೇಳುತ್ತಿದ್ದ ಸದ್ದು ಬರುತ್ತಿದ್ದುದು ಇಲ್ಲಿಂದ. ಟ್ಯಾಪೆಟ್ ಎಂದುಕೊಂಡು ನಾಲ್ಕೈದು ಸಲ ಸಂದು ಸರಿಮಾಡಿದವರ ಸ್ಪ್ಯಾನರ್ ಗುರುತು ರಾಕರ್ ನಟ್‌ಗಳ ಮೇಲೆ ಹಾಗೇ ಇತ್ತು. ಮಾರುಕಟ್ಟೆಯ ಪೈಪ್ ಮ್ಯಾನಿಫೋಲ್ಡ್ ಹಾಕುವವರು ಬಿಗಿಯುವ ಮುಂಚೆ ಈ ದಪ್ಪವನ್ನು ಅಳೆದೇ ಅಳೆಯಬೇಕು. ಸರಿಪಡಿಸಲು ವಾಷರಿನ ಒಂದು ಅರ್ಧವನ್ನು ಅಷ್ಟೇ ಅರದಿಂದ ಇಳಿಸಿದರೆ ಸಾಕು, ಮೆಷಿನ್ ಶಾಪಿಗೆ ಹೋಗಬೇಕಿಲ್ಲ.

ಕೆಳಗೆ ಡೌನ್‌ಪೈಪನ್ನು ಮ್ಯಾನಿಫೋಲ್ಡಿಗೆ ಹಿಡಿಯುವುದು ಆರು ಸ್ಟಡ್, ಆರು ಹಿತ್ತಾಳೆ ನಟ್. ಹಿತ್ತಾಳೆಯೇ ಏಕೆಂದರೆ ಅದು ತುಕ್ಕು ಹಿಡಿದು ಸ್ಟಡ್‌ಗೆ ಅಂಟುವುದಿಲ್ಲ. ನಮ್ಮದರಲ್ಲಿ ಯಾರೋ ನಾಲ್ಕು ಉಕ್ಕಿನ ನಟ್ ಹಾಕಿದ್ದರು. ಮೂರು ದಿನ ತುಕ್ಕಿನ ಎಣ್ಣೆ ಕುಡಿಸಿ, ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ತೆಗೆದರೂ ಒಂದು ಸ್ಟಡ್ ಮುರಿಯಿತು. ಹಳೆಯ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆಯದೆ, ನೀರಿನಲ್ಲಿ ನೆನೆಸಿ, ಮಾಸ್ಕ್ ಹಾಕಿ ತೆಗೆಯಿರಿ.

ಮಿಕ್ಕ ಪೈಪು ಸ್ಟೇನ್‌ಲೆಸ್ ಹೌದೋ ಅಲ್ಲವೋ ಎಂಬುದಕ್ಕೆ ಎಲ್ಲರೂ ಅಯಸ್ಕಾಂತ ಹಿಡಿಯುತ್ತಾರೆ. ಅಂಟದಿದ್ದರೆ ಸ್ಟೇನ್‌ಲೆಸ್, ಸರಿ, 304 ದರ್ಜೆಯದ್ದು. ಅಂಟಿದರೆ ಅಲ್ಲ ಎನ್ನುವುದು ತಪ್ಪು. ಎಕ್ಸಾಸ್ಟ್‌ಗೆ ಹೆಚ್ಚಾಗಿ ಬಳಸುವ 409 ದರ್ಜೆಯ ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಚೆನ್ನಾಗಿಯೇ ಅಂಟುತ್ತದೆ. ಅದರ ಮೇಲೆ ಕಂದು ಛಾಯೆ ಬರುತ್ತದೆ, ಆದರೆ ಉಗುರಿನಿಂದ ಕೆರೆದರೆ ಹಕ್ಕಳೆ ಏಳುವುದಿಲ್ಲ. ಮೈಲ್ಡ್ ಸ್ಟೀಲಾದರೆ ಹಕ್ಕಳೆ ಉದುರುತ್ತದೆ. ಹೀಗೆ ನೋಡುತ್ತಾ ಹೋದಾಗ ಡೌನ್‌ಪೈಪ್ ಮೈಲ್ಡ್ ಸ್ಟೀಲ್, ನಡುವಿನ ಪೈಪ್ ಮತ್ತು ಸೈಲೆನ್ಸರ್ ಡಬ್ಬಿ 409, ಹಿಂದಿನ ಡಬ್ಬಿ ಮಾತ್ರ 304. ಮೂರು ಕಾಲದ ಮೂರು ತುಂಡು, ಎರಡು ಕ್ಲ್ಯಾಂಪ್.

ವ್ಯಾಸ ಅಳೆಯಲು ವರ್ನಿಯರ್ ಹೋಗದ ಕಡೆ ಪೈಪಿಗೆ ದಾರ ಒಂದು ಸುತ್ತು ಸುತ್ತಿ, ಆ ಉದ್ದವನ್ನು 3.14ರಿಂದ ಭಾಗಿಸಿ. ಹಿಂಭಾಗದಲ್ಲಿ 160 ಮಿಲಿಮೀಟರ್ ಬಂತು, ಅಂದರೆ 51, ಎರಡು ಇಂಚಿನ ಬಿಗ್ ಬೋರ್. ಮುಂದಿನದು 140, ಅಂದರೆ 44.5, ಒಂದೂಮುಕ್ಕಾಲು ಇಂಚು. ನಡುವಿನ ಸಂಧಿಗೆ ಎಕ್ಸಾಸ್ಟ್ ಪೇಸ್ಟ್ ಮೆತ್ತಿ, ಅಗಲದ ಕ್ಲ್ಯಾಂಪ್ ಬಿಗಿದಿದ್ದರು. ಸೋರಿಕೆ ಹುಡುಕಲು ವ್ಯಾಕ್ಯೂಮ್ ಕ್ಲೀನರನ್ನು ಊದುವ ಕಡೆಗೆ ತಿರುಗಿಸಿ ಹಿಂದಿನ ಬಾಯಿಗೆ ಬಟ್ಟೆ ಸುತ್ತಿ ಇಟ್ಟು, ಎಲ್ಲ ಸಂಧಿಗೂ ಸೋಪಿನ ನೀರು ಸವರಿದೆವು. ಎಂಜಿನ್ ಓಡಿಸದೆ, ಕೈ ಸುಟ್ಟುಕೊಳ್ಳದೆ, ಎಲ್ಲೆಲ್ಲಿ ಗುಳ್ಳೆ ಎಂದು ಕಾಣುತ್ತದೆ. ಆ ಕ್ಲ್ಯಾಂಪಿನ ಬಳಿ ಹುಗ್ಗಿ ಕುದಿದಂತೆ ಗುಳ್ಳೆ ಎದ್ದವು. ಸರಿಯಾದ ಅಳತೆಯ ಕಿರಿದಾಗುವ ತೋಳು 12 ಪೌಂಡ್. ಆ ಅಳತೆ ಗೊತ್ತಾಗುವ ಮುಂಚೆ ಪೂರ್ತಿ ಹೊಸ ಸಿಸ್ಟಂ ತರಿಸುವ ಹಂತಕ್ಕೆ ಬಂದಿದ್ದೆ.

ಇನ್ನು ಕಾಗದ. ಮೊದಲು ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಿದೆ. ಚಾಸಿ ಸಂಖ್ಯೆ ಕೊಟ್ಟರೆ ಕಾರ್ಖಾನೆಯ ದಾಖಲೆಯಿಂದ ಕಟ್ಟಿದ ದಿನ, ಬಣ್ಣ, ಎಂಜಿನ್ ಸಂಖ್ಯೆ ತೆಗೆದು ಕೊಡುತ್ತಾರೆ. ಅದರಲ್ಲಿದ್ದ ಎಂಜಿನ್ ಸಂಖ್ಯೆ ವಿ5ಸಿಯಲ್ಲಿದ್ದದ್ದೇ. ಅಂದರೆ ಪುಸ್ತಕದಲ್ಲಿ ತಪ್ಪಿಲ್ಲ, ಎಂಜಿನ್ ಬದಲಾದಾಗ ಯಾರೂ ತಿಳಿಸಿರಲಿಲ್ಲ.

ತಿಳಿಸುವುದು ಈಗಿನ ಮಾಲೀಕರ ಹೊಣೆ. ಶುಲ್ಕವಿಲ್ಲ, ಆದರೆ ಪುರಾವೆ ಬೇಕು: ಎಂಜಿನ್ ಕೊಂಡ ರಸೀದಿ, ಇಲ್ಲವೇ ತಯಾರಕರ ಪತ್ರ, ವಿಮೆಯ ತಪಾಸಣಾ ವರದಿ. ನೀವು ಕೊಳ್ಳುವ ಮುಂಚೆಯೇ ಬದಲಾಗಿದ್ದರೆ ಗ್ಯಾರೇಜಿನ ಲೆಟರ್‌ಹೆಡ್ ಮೇಲೆ ದೃಢೀಕರಣ. ಒಂದು ಗ್ಯಾರೇಜಿನವರು 40 ಪೌಂಡ್ ತೆಗೆದುಕೊಂಡು ಪತ್ರ ಕೊಟ್ಟರು. ಮನೆಗೆ ಬಂದು ಪೆನ್ಸಿಲ್ ಅಚ್ಚಿನ ಪಕ್ಕ ಇಟ್ಟು ನೋಡಿದರೆ 797 ಹೋಗಿ 791 ಆಗಿತ್ತು. ಮತ್ತೆ ಹೋಗಿ ಬರೆಸಬೇಕಾಯಿತು. ಪತ್ರವನ್ನು ಅಲ್ಲೇ, ಕಾರಿನ ಪಕ್ಕ ನಿಂತು, ಅಂಕಿ ಅಂಕಿ ಓದಿ ತೆಗೆದುಕೊಳ್ಳಿ. ವಿ5ಸಿಯ ಬದಲಾವಣೆ ಭಾಗ ತುಂಬಿ ಪತ್ರದ ಜೊತೆ ಸ್ವಾನ್ಸಿಯ ವಾಹನ ನೋಂದಣಿ ಕಚೇರಿಗೆ ಕಳಿಸುವ ಮುಂಚೆ ಎರಡನ್ನೂ ಫೋಟೋ ತೆಗೆದಿಡಿ. ಮೂಲ ಪುಸ್ತಕ ಕೈಯಲ್ಲಿಲ್ಲದ ವಾರಗಳಲ್ಲಿ ಕಾರು ಮಾರುವ, ಸಾಗಿಸುವ ಯೋಜನೆ ಇಟ್ಟುಕೊಳ್ಳಬೇಡಿ. ವಿಮೆಯವರಿಗೂ ಆ ದಿನವೇ ತಿಳಿಸಿದೆ, ಪ್ರೀಮಿಯಂ ಬದಲಾಗಲಿಲ್ಲ. ಸಿಸಿ ಅದೇ ಇದ್ದುದರಿಂದ ಹೆಚ್ಚು ಪ್ರಶ್ನೆಗಳೂ ಬರಲಿಲ್ಲ. ಕಾರಿಗೆ 40 ವರ್ಷ ದಾಟಿರುವುದರಿಂದ ರಸ್ತೆ ತೆರಿಗೆ ಇಲ್ಲ, ಎಂಒಟಿ (ವಾರ್ಷಿಕ ವಾಹನ ತಪಾಸಣೆ) ಕಡ್ಡಾಯವಲ್ಲ, ಆದರೂ ಮಾಡಿಸಿದೆ. ಇಷ್ಟು ಹಳೆಯ ಕಾರಿಗೆ ಹೊಗೆ ಕಣ್ಣಿಗೆ ಕಾಣುತ್ತದೆಯೇ ಎಂದಷ್ಟೇ ನೋಡುತ್ತಾರೆ.

ಹೊಸ ಪುಸ್ತಕ ಬರುವವರೆಗಿನ ನಾಲ್ಕು ವಾರದಲ್ಲಿ ಮ್ಯಾನಿಫೋಲ್ಡ್ ಮತ್ತೆ ಕೂರಿಸಿದೆವು. ಹೊಸ ಗ್ಯಾಸ್ಕೆಟ್, ಅರ ಹಾಕಿದ ವಾಷರ್, ಆರೂ ಹಿತ್ತಾಳೆ ನಟ್. ಮ್ಯಾನಿಫೋಲ್ಡ್ ನಟ್‌ಗಳಿಗೆ 15 ಪೌಂಡ್-ಅಡಿ, ಅಂದರೆ 20 ನ್ಯೂಟನ್ ಮೀಟರ್ ಮಾತ್ರ, ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ. ಸ್ಪ್ಯಾನರ್ ಇಂಚಿನವೇ ಬೇಕು, 13 ಮಿಲಿಮೀಟರಿನದು ಅರ್ಧ ಇಂಚಿಗೆ ಕೂತಂತೆ ಮಾಡಿ ಮೂಲೆ ತಿಂದುಬಿಡುತ್ತದೆ. ನೂರು ಮೈಲಿ ಓಡಿಸಿ, ರಾತ್ರಿಯೆಲ್ಲ ಆರಲು ಬಿಟ್ಟು, ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿದೆವು. ಉಳಿದವು ಅಲುಗಲಿಲ್ಲ. ಮೂರನೆಯದು ಕಾಲು ಸುತ್ತು ತಿರುಗಿತು.